ಊರು ತನ್ನವರನ್ನು ನೆನೆಯುವ ಬಗೆ

ಸ್ಮರಣ ಸಂಚಿಕೆಗಳಿಗೆ ನಮ್ಮ ನಾಡಿನಲ್ಲಿ ಕ್ಷಾಮವಿಲ್ಲ. ಹೆಸರಾಂತವರು ಯಾರಾದರೂ ತೀರಿಕೊಂಡ ವರ್ಷದೊಳಗೆ ಒಂದು ಸಂಪುಟ ಹೊರಬರುತ್ತದೆ. ಅದರಲ್ಲಿ ನಲವತ್ತು ಜನ ಬರೆದಿರುತ್ತಾರೆ. ನಲವತ್ತು ಜನರೂ ಮೃತರು ಸರಳರು, ಸಜ್ಜನರು, ಸದಾ ಹಸನ್ಮುಖಿಗಳು ಎಂದೇ ಬರೆದಿರುತ್ತಾರೆ. ಮುಖಪುಟದ ಹೆಸರೊಂದನ್ನು ಬದಲಾಯಿಸಿದರೆ ಅದೇ ಸಂಪುಟವನ್ನು ಬೇರೊಬ್ಬರಿಗೆ ಅರ್ಪಿಸಲು ಅಡ್ಡಿಯಿಲ್ಲ. ಇದು ಪೇಟೆಯ ಮಾತಾಯಿತು. ಹಳ್ಳಿಗಳಲ್ಲಿ ಆ ಸಂಪುಟದ ಕೆಲಸವನ್ನು ಈಗ ಬಸ್ಸು ನಿಲ್ಲುವ ಕಡೆ ಕಟ್ಟುವ ಫ್ಲೆಕ್ಸು ಮಾಡುತ್ತಿದೆ. ಒಂದು ಭಾವಚಿತ್ರ, ಜನನ, ಮರಣ, ‘ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಎರಡು ಮಾತು, ಕೆಳಗೆ ಶ್ರದ್ಧಾಂಜಲಿ ಸಲ್ಲಿಸುವವರ ಹತ್ತು ಹನ್ನೆರಡು ಮುಖ. ಒಂದೆರಡು ಗಾಳಿಮಳೆ ಕಳೆಯುವುದರೊಳಗೆ ಅದು ಯಾರದೋ ಕೊಟ್ಟಿಗೆಯ ಮೇಲಿನ ಹೊದಿಕೆಯಾಗುತ್ತದೆ.

ಸತ್ತವರ ವಿಷಯದಲ್ಲಿ ಕೆಟ್ಟ ಮಾತಾಡಬಾರದೆಂಬ ಸಂಪ್ರದಾಯ ಒಳ್ಳೆಯದೇ. ಆದರೆ ಸತ್ತವರನ್ನು ಕುರಿತು ಬರೆದವರ ವಿಷಯದಲ್ಲಿ ಆಡಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಕತೆ, ಕಾದಂಬರಿ, ಕಾವ್ಯಗಳನ್ನು ಇಷ್ಟು ನಿಷ್ಠುರವಾಗಿ ತೂಗಿ ನೋಡುವ ನಮ್ಮ ವಿಮರ್ಶೆ, ಮೃತರ ಸ್ಮರಣೆಯನ್ನು ಮಾತ್ರ ಶಿಷ್ಟಾಚಾರವೆಂದು ಬಗೆದು ಪಕ್ಕಕ್ಕೆ ಇಟ್ಟಿದೆ. ಅದೂ ಒಂದು ಸಾಹಿತ್ಯ ಪ್ರಕಾರವೆಂದೂ, ಅದರಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಹೇಳುವುದಕ್ಕೆ ನಮ್ಮಲ್ಲೇ ಹಳೆಯ ಅಳತೆಗೋಲು ಇದೆಯೆಂದೂ ನಾನು ತಿಳಿದಿದ್ದೇನೆ. ಈ ಯೋಚನೆ ಹುಟ್ಟಿದ್ದು ಜಂಗಮಕೋಟೆ ಹೋಬಳಿಯ ಹಳ್ಳಿಗಳಿಂದ ಕಾಲೇಜಿಗೆ ಬರುವ ಕೆಲವು ವಿದ್ಯಾರ್ಥಿಗಳ ಬರಹವನ್ನು ತಿದ್ದುವಾಗ; ಆ ಬರಹಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಅಳತೆಗೋಲಿನ ಮಾತು.

ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಅಂದಿನ ಕೋಲಾರ ಜಿಲ್ಲೆಗೆ ಸಂಬಂಧಿಸಿದ್ದು. ಜಂಗಮಕೋಟೆ ಸೇರಿರುವ ಶಿಡ್ಲಘಟ್ಟ ತಾಲ್ಲೂಕೂ ಅದರಲ್ಲಿದೆ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಈ ಸಂಪುಟವನ್ನು ರಾಜರ ವಂಶಾವಳಿಗಾಗಿ ತೆರೆಯುವವರೇ ಹೆಚ್ಚು. ಊರುಗಳಿಗಾಗಿಯೂ ಒಮ್ಮೆ ಓದಿ ನೋಡಬೇಕು. ಗಂಗರು, ಬಾಣರು, ನೊಳಂಬರು, ವೈದುಂಬರು ಒಬ್ಬರ ಮೇಲೊಬ್ಬರು ಏರಿಹೋಗುತ್ತಿದ್ದ ಸೀಮೆ ಇದು. ದೊರೆಗಳ ಜಗಳದಲ್ಲಿ ಪ್ರಾಣ ಬಿಟ್ಟವರು ಊರವರು. ಹಗೆಗಳು ದನ ಹೊಡೆದುಕೊಂಡು ಹೋದರೆ ತುರುಗೊಳ್. ಊರಿಗೇ ನುಗ್ಗಿದರೆ ಊರಳಿವು. ಹೆಣ್ಣಿನ ಮಾನಕ್ಕೆ ಕೈಹಾಕಿದರೆ ಪೆಣ್ಬುಯ್ಯಲ್. ಹೀಗೆ ಸಾವಿನ ಸಂದರ್ಭಗಳಿಗೇ ಬೇರೆ ಬೇರೆ ಹೆಸರಿಟ್ಟುಕೊಂಡಿದ್ದ ಸಮಾಜ ಅದು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966), ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ (1982) ಈ ವಿಷಯವನ್ನು ವಿಸ್ತಾರವಾಗಿ ಎತ್ತಿಕೊಂಡಿವೆ. ಅವುಗಳ ದೃಷ್ಟಿ ಇತಿಹಾಸದ ಕಡೆಗೆ; ನನ್ನ ಪ್ರಶ್ನೆ ಬರವಣಿಗೆಯನ್ನು ಕುರಿತದ್ದು.

ಸಾಮಾನ್ಯವಾದ ವೀರಗಲ್ಲಿನ ಬರಹ ನಾಲ್ಕೈದು ಸಾಲು. ಇಂಥ ದೊರೆ ಆಳುತ್ತಿರಲು, ಇಂಥ ಊರಿನವನು, ಇಂಥವನ ಮಗ, ತುರುವನ್ನು ಮರಳಿಸಿ ಸತ್ತ. ಆತ ಸರಳನೋ ಹಸನ್ಮುಖಿಯೋ ಕಲ್ಲು ಹೇಳುವುದಿಲ್ಲ. ಹೆಸರು, ಊರು, ಕಾರಣ, ಕ್ರಿಯೆ ಇಷ್ಟೇ. ಇದರಲ್ಲಿ ಯಾವುದನ್ನೂ ಇನ್ನೊಬ್ಬನಿಗೆ ವರ್ಗಾಯಿಸಲು ಬರುವುದಿಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿ ಕೊನೆಯ ಸಾಲಿನಲ್ಲಿರುತ್ತದೆ. ಸತ್ತವನ ಮನೆಯವರಿಗೆ ಬಿಟ್ಟ ಭೂಮಿಯ ವಿವರ ಅದು. ನೆತ್ತರುಗೊಡಗೆ, ಬಾಳ್ಗಚ್ಚು, ಕಲ್ನಾಡು ಎಂದು ಅದಕ್ಕೆ ಹೆಸರುಗಳುಂಟು. ನೆನೆಯುವುದೆಂದರೆ ಅಂದಿನವರಿಗೆ ಬಾಯಿಮಾತಿನ ಗೌರವವಾಗಿರಲಿಲ್ಲ. ಉಳಿದವರ ಹೊಟ್ಟೆಪಾಡನ್ನು ಊರು ಹೊರಬೇಕಾಗಿತ್ತು. ಹೊರದಿದ್ದವನಿಗೆ ಕಪಿಲೆಯನ್ನು ಕೊಂದ ಪಾಪವನ್ನು ಕಲ್ಲಿನಲ್ಲೇ ಬರೆದು ಕಟ್ಟುತ್ತಿದ್ದರು.

ಆತಕೂರಿನ ಶಾಸನವನ್ನು ಈ ದೃಷ್ಟಿಯಿಂದ ನೋಡಬೇಕು. ಕಾಲ ಸುಮಾರು 949–50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಬಿದ್ದ ಮೇಲೆ, ಗಂಗ ಬೂತುಗನ ಕಡೆಯ ಮಣಲೆರನೆಂಬ ವೀರ ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಒಂದು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನೆಟ್ಟರು, ಭೂಮಿ ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುವುದೆಂದು ವಿಧಿಸಿದರು. ಒಂದು ಮಹಾಯುದ್ಧದ ವರ್ತಮಾನವೂ ಒಂದು ನಾಯಿಯ ಸಾವೂ ಒಂದೇ ಕಲ್ಲಿನ ಮೇಲೆ ಕೂತಿವೆ. ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿ ಅದನ್ನು ಕಾಣಬಹುದು. ಪ್ರತಿದಿನ ಊಟಕ್ಕೆ ಮೊದಲು ಒಬ್ಬ ಮನುಷ್ಯ ಆ ನಾಯಿಯನ್ನು ನೆನೆಯಬೇಕೆಂದು ಏರ್ಪಾಟು ಮಾಡಿದ ಮನಸ್ಸನ್ನು ನಾನು ಬಹಳ ಮೆಚ್ಚುತ್ತೇನೆ. ರಾಜಧಾನಿಯ ವಾಚಕರಿಗೆ ಇನ್ನೊಂದು ಮಾತು: ಬೆಂಗಳೂರು ಎಂಬ ಊರ ಹೆಸರು ಬೇಗೂರಿನ ಒಂಬತ್ತನೆಯ ಶತಮಾನದ ಕೊನೆಯ ಕಾಲದ ಶಾಸನವೊಂದರಲ್ಲಿ ಕಾಣಿಸುವುದೂ, ನಾಗತ್ತರನ ಕಡೆಯವನೊಬ್ಬ ‘ಬೆಂಗಳೂರ ಕಾಳಗ’ದಲ್ಲಿ ಸತ್ತನೆಂದು ಹೇಳುವ ನೆಪದಿಂದಲೇ.

ಹಾಗೆಂದು ಕಲ್ಲನ್ನು ಕಣ್ಣು ಮುಚ್ಚಿ ಹೊಗಳುವಂತಿಲ್ಲ. ಅದಕ್ಕೆ ಗೊತ್ತಿರುವುದು ಸಾವೊಂದೇ. ಮೂವತ್ತು ವರ್ಷ ಬದುಕಿದವನ ಕೊನೆಯ ಒಂದು ಗಳಿಗೆಯನ್ನು ಕೆಳಗಿನ ಪಟ್ಟಿಕೆಯಲ್ಲಿ ಕೆತ್ತಿ, ನಡುವಣ ಪಟ್ಟಿಕೆಯಲ್ಲಿ ದೇವಕನ್ನೆಯರ ಕೈಗೆ ಒಪ್ಪಿಸಿ, ಮೇಲೆ ಲಿಂಗದ ಮುಂದೆ ಕೂರಿಸಿಬಿಡುತ್ತದೆ. ಆತ ಕಾದ ದನಗಳಿಗೆ ಬೆಳಗ್ಗೆ ಮೇವು ಹಾಕುತ್ತಿದ್ದವಳು ಯಾರು? ಹೆಣ್ಣಿಗೆ ಇರುವ ಕಲ್ಲು ಮಾಸ್ತಿಕಲ್ಲು. ಕಂಬದಿಂದ ಹೊರಟ ಒಂದು ತೋಳು, ಅದರ ತುಂಬ ಬಳೆ. ಗಂಡನ ಜೊತೆ ಬೆಂಕಿಗೆ ಬಿದ್ದಳೆಂಬುದೊಂದೇ ಅವಳ ಚರಿತ್ರೆ. 1057ರ ಬೆಳತೂರು ಶಾಸನ ದೇಕಬ್ಬೆಯನ್ನು ಕುರಿತು ಪದ್ಯಗಳಲ್ಲಿ ಮಾತಾಡುತ್ತದೆ. ತಂದೆತಾಯಿಗಳು ತಡೆದದ್ದನ್ನೂ ಅವಳು ಕೇಳದೆ ಹೋದದ್ದನ್ನೂ ಚೆನ್ನಾಗಿಯೇ ಹೇಳುತ್ತದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಬಹಳ ಮನ್ನಣೆ. ನನಗೆ ಮಾತ್ರ ಪಾಠ ಮಾಡುವಾಗಲೆಲ್ಲ ಆ ಪದ್ಯಗಳ ಮೆಚ್ಚುಗೆಯ ದನಿ ಹಿತವಾಗುವುದಿಲ್ಲ. ತಡೆದ ತಂದೆಯ ಮಾತಿನಲ್ಲಿ ನ್ಯಾಯವಿತ್ತು. ಕವಿಯ ಒಲವು ಬೆಂಕಿಯ ಕಡೆಗೆ.

ಕಲ್ಲು ಎಡವಿದ ಕಡೆಯಲ್ಲಿ ಹಾಡು ನೆಟ್ಟಗೆ ನಡೆದಿದೆ. ‘ಕೆರೆಗೆ ಹಾರ’ದ ಭಾಗೀರಥಿ ನೀರು ನಿಲ್ಲದ ಕೆರೆಗೆ ಬಲಿಯಾದ ಕಿರಿಯ ಸೊಸೆ. ಆ ಹಾಡಿನ ತೂಕವೆಲ್ಲ ಇರುವುದು ಸಾವಿಗೆ ಮುಂಚಿನ ಓಡಾಟದಲ್ಲಿ. ಅವಳು ತವರಿಗೆ ಹೋಗುತ್ತಾಳೆ. ಕಣ್ಣೀರಿಗೆ ತಂದೆಯ ಮುಂದೆ, ತಾಯಿಯ ಮುಂದೆ ಬೇರೆ ಏನೋ ಕಾರಣ ಹೇಳುತ್ತಾಳೆ. ನಿಜವನ್ನು ಆಡುವುದು ಗೆಳತಿಯ ಮನೆಯಲ್ಲಿ ಮಾತ್ರ. ಊರಿಗೆಲ್ಲ ಒಳ್ಳೆಯದಾಗಲೆಂದು ಒಬ್ಬಳನ್ನು ನೀರಿಗೆ ಕೊಟ್ಟ ಮಾವನ ಮೇಲೆ ಹಾಡು ಒಂದು ಬೈಗುಳವನ್ನೂ ಎಸೆಯುವುದಿಲ್ಲ. ಆದರೂ ಕೇಳಿ ಮುಗಿಸಿದವನಿಗೆ ಮಲ್ಲನಗೌಡ ಎಂಥವನೆಂದು ಗೊತ್ತಾಗುತ್ತದೆ. ಕೆರೆಯ ನೀರನ್ನೇ ನಂಬಿ ಬದುಕಿದ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮಕ್ಕಳಿಗೆ ಈ ಹಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ನಮ್ಮ ಮುಂದೆ ಎರಡು ಅಳತೆಗಳಿವೆ. ಬದಲಾಯಿಸಲು ಬಾರದ ವಿವರ, ಉಳಿದವರ ಮೇಲಿನ ಹೊಣೆ ಇವು ಕಲ್ಲಿನವು. ಸಾವಿಗೆ ಮುಂಚಿನ ಬದುಕು ಹಾಡಿನದು. ಹೊಸಗನ್ನಡದ ಗದ್ಯ ಇವೆರಡನ್ನೂ ಒಟ್ಟಿಗೆ ಹಿಡಿಯಬಹುದಾಗಿತ್ತು. ಎಷ್ಟರಮಟ್ಟಿಗೆ ಹಿಡಿದಿದೆ?

ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’ ಕೃತಿಗಳನ್ನು ಮೆಚ್ಚದವರಿಲ್ಲ. ನಾನೂ ಆ ಸಾಲಿನಲ್ಲೇ ಇದ್ದೇನೆ. ಹೇಮಾವತಿಯ ದಡದ ಆ ಜನರ ಮಾತಿನ ಸೊಗಸು ತೊಂಬತ್ತು ವರ್ಷವಾದರೂ ಮಾಸಿಲ್ಲ. ಆದರೆ ಅವರ ಊರಿನಲ್ಲಿ ಸದಾ ಸಂಜೆಯ ಹೊತ್ತು. ಜಗಲಿಯ ಮೇಲೆ ಕೂತವರು ಕೂತೇ ಇರುತ್ತಾರೆ. ಯಾರೂ ಎದ್ದು ಹೋಗಿ ತಿರುಗಿ ಬಾರದಿರುವುದಿಲ್ಲ ಎಂಬ ಭಾವನೆ ಓದುಗನಲ್ಲಿ ಉಳಿಯುತ್ತದೆ. ನಗೆಗೆ ಅದು ಅಗತ್ಯವಿದ್ದಿರಬಹುದು. ನಷ್ಟದ ನೋವು ಅಲ್ಲಿ ಹಿನ್ನೆಲೆಗೆ ಸರಿದಿದೆ.

ಡಿ. ವಿ. ಗುಂಡಪ್ಪನವರು ಮುಳಬಾಗಿಲಿನವರು, ಅಂದರೆ ಇದೇ ಸೀಮೆಯ ಮಣ್ಣು. ಎಂಟು ಸಂಪುಟಗಳ ‘ಜ್ಞಾಪಕ ಚಿತ್ರಶಾಲೆ’ಗೆ ಸಮನಾದ ಸ್ಮರಣ ಗ್ರಂಥ ಕನ್ನಡದಲ್ಲಿ ಮತ್ತೊಂದಿಲ್ಲ. ಒಬ್ಬರು ಉಂಡದ್ದು, ಸಾಲ ಮಾಡಿದ್ದು, ಒಂದು ಪದಕ್ಕಾಗಿ ಜಗಳವಾಡಿದ್ದು, ಕೊನೆಗೆ ಕಣ್ಣು ಮುಚ್ಚಿದ್ದು, ಎಲ್ಲವೂ ಅದದೇ ಮನುಷ್ಯನಿಗೆ ಅಂಟಿಕೊಂಡಂತೆ ಬರುತ್ತದೆ. ಗೌರವ ಇದೆ, ಗೌರವದ ಭಾರಕ್ಕೆ ವಿವರ ಕುಗ್ಗುವುದಿಲ್ಲ. ಸ್ಮರಣ ಸಂಚಿಕೆಗೆ ಬರೆಯಲು ಕೂರುವ ಪ್ರತಿಯೊಬ್ಬರೂ ಮೊದಲು ಇದರ ಹತ್ತು ಪುಟ ಓದಬೇಕೆಂದು ನಿಯಮ ಮಾಡಿದರೆ ಕಾಗದವೂ ಉಳಿದೀತು. ಆದರೂ ಈ ಚಿತ್ರಶಾಲೆಯ ಬೆಳಕು ಹೆಚ್ಚಾಗಿ ಬೀಳುವುದು ಓದಿದವರ, ಮನೆಮಠ ಉಳ್ಳವರ ಮುಖದ ಮೇಲೆ ಎಂಬುದನ್ನು ಅಲ್ಲಗಳೆಯಲಾಗದು.

ಬೆಳಕು ತಾಕದ ಮಗ್ಗುಲನ್ನು ಕಾಣಲು ಸಿದ್ದಲಿಂಗಯ್ಯನವರ ‘ಊರು ಕೇರಿ’ಗೆ ಬರಬೇಕು. ಮಾಗಡಿ ಕಡೆಯ ಮಂಚನಬೆಲೆಯ ಆ ಹುಡುಗ ನೋಡಿದ ದೃಶ್ಯ ಎಲ್ಲರ ನೆನಪಿನಲ್ಲೂ ಇದೆ: ನೊಗಕ್ಕೆ ಎತ್ತಿನ ಬದಲು ಇಬ್ಬರು ಮನುಷ್ಯರು ಹೆಗಲು ಕೊಟ್ಟು ಎಳೆಯುತ್ತಿದ್ದಾರೆ, ಅವರಲ್ಲೊಬ್ಬರು ಅವನ ತಂದೆ. ಇದನ್ನು ಹೇಳುವಾಗ ಅವರು ಕೂಗಾಡುವುದಿಲ್ಲ, ಹೊಗಳುವುದೂ ಇಲ್ಲ. ವೀರಗಲ್ಲಿನಷ್ಟೇ ಕಡಿಮೆ ಮಾತು. 2021ರಲ್ಲಿ ಕೋವಿಡ್ ಅವರನ್ನೂ ಒಯ್ದಿತು. ಆ ವರ್ಷ ಹಳ್ಳಿಗಳಲ್ಲಿ ಮಣ್ಣಿಗೂ ನಾಲ್ಕು ಜನ ಸೇರಲಾಗದೆ ಹೋದವರನ್ನು ಯಾರು ಬರೆದಿಡುತ್ತಾರೋ!

ಕನ್ನಡದ್ದಲ್ಲದಿದ್ದರೂ ಎಂ. ಎನ್. ಶ್ರೀನಿವಾಸರ ‘ದಿ ರಿಮೆಂಬರ್ಡ್ ವಿಲೇಜ್’ (1976) ಪುಸ್ತಕವನ್ನು ಇಲ್ಲಿ ಬಿಡಲಾಗದು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕೂತು ಸಂಗ್ರಹಿಸಿದ್ದನ್ನು ವರ್ಷಗಟ್ಟಲೆ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿ 1970ರ ಏಪ್ರಿಲಿನಲ್ಲಿ ಸ್ಟ್ಯಾನ್‌ಫರ್ಡಿನ ಬೆಂಕಿಗೆ ಬಲಿಯಾದವು. ಆಮೇಲೆ ಅವರು ನೆನಪಿನಿಂದ ಬರೆದರು. ವಿದ್ವಾಂಸನ ಪಟ್ಟಿಗಳು ಹೋಗಿ, ಪಟೇಲರೂ ಕುಳ್ಳೇಗೌಡನೂ ನಾಡಗೌಡರೂ ಎದ್ದು ಬಂದರು. ಸಮಾಜಶಾಸ್ತ್ರಕ್ಕೆ ಅದರಿಂದ ಆದ ಲಾಭನಷ್ಟ ಬಲ್ಲವರು ಹೇಳಲಿ. ಸಾಹಿತ್ಯಕ್ಕಂತೂ ಲಾಭವೇ ಆಯಿತು. ತೆರೆಯ ಮೇಲೆ ಇದಕ್ಕೆ ಸಮೀಪ ಬರುವ ಕೃತಿಯೆಂದರೆ 2016ರಲ್ಲಿ ಬಿಡುಗಡೆಯಾದ ‘ತಿಥಿ’. ಮಂಡ್ಯದ ಕಡೆಯ ಊರವರೇ ಅಭಿನಯಿಸಿದ ಆ ಚಿತ್ರದಲ್ಲಿ ಶತಾಯುಷಿ ಮುದುಕನೊಬ್ಬ ಸತ್ತ ದಿನದಿಂದ ಹನ್ನೊಂದನೆಯ ದಿನದವರೆಗೆ ಅಳುವವರು ಕಡಿಮೆ. ಅಡುಗೆ, ಸಾಲ, ಜಮೀನಿನ ಖಾತೆ ಇವೇ ಹೆಚ್ಚು. ಹಳ್ಳಿಯಲ್ಲಿ ಸಾವನ್ನು ಹತ್ತಿರದಿಂದ ಕಂಡವರು ಅದನ್ನು ಅತಿಶಯೋಕ್ತಿ ಎನ್ನಲಾರರು.

ಇನ್ನು ಕಲ್ಲೂ ಇಲ್ಲದ, ಹಾಡೂ ಇಲ್ಲದ, ಪುಸ್ತಕವೂ ಇಲ್ಲದ ಸಾವುಗಳು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412. ಹತ್ತು ವರ್ಷದ ಮೇಲೆ 41,86,188. ನಡುವೆ ನಡೆದದ್ದು ಧಾತು, ಈಶ್ವರ ಸಂವತ್ಸರಗಳ ಬರ. ತುರುವಿಗಾಗಿ ಸತ್ತ ಒಬ್ಬನನ್ನು ಸಾವಿರ ವರ್ಷ ನೆನೆದ ನೆಲ, ಹಸಿವಿನಿಂದ ಸತ್ತ ಲಕ್ಷಾಂತರ ಜನಕ್ಕೆ ಎರಡು ಸಂವತ್ಸರಗಳ ಹೆಸರನ್ನು ಮಾತ್ರ ಇಟ್ಟುಕೊಂಡಿತು. ಹೋರಾಡದೆ ಸತ್ತವರಿಗೆ ಕಲ್ಲು ನೆಡುವ ಪದ್ಧತಿಯೇ ನಮ್ಮಲ್ಲಿರಲಿಲ್ಲವಲ್ಲ! ಹೋರಾಡಿ ಸತ್ತವರ ಗತಿಯೂ ಯಾವಾಗಲೂ ಉತ್ತಮವೇನಲ್ಲ. ಇದೇ ಜಿಲ್ಲೆಯ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಬಿದ್ದವರು ಸುತ್ತಣ ಹಳ್ಳಿಗಳವರು. ಸರಕಾರ ಒಪ್ಪಿಕೊಂಡ ಸಂಖ್ಯೆಗೂ ಜನ ಹೇಳಿದ ಸಂಖ್ಯೆಗೂ ಬಹಳ ಅಂತರವಿತ್ತು. ಸ್ಮಾರಕ ಎದ್ದಿದೆ, ವರ್ಷಕ್ಕೊಮ್ಮೆ ಭಾಷಣವೂ ಆಗುತ್ತದೆ. ಆ ದಿನ ಜಾತ್ರೆಗೆಂದು ಬಂದವರು, ಬಾವುಟಕ್ಕೆಂದು ಬಂದವರು ತಮ್ಮ ತಮ್ಮ ಮನೆಗಳಲ್ಲಿ ಏನಾಗಿದ್ದರೆಂದು ಹೇಳುವ ಬರಹ ಸ್ಮಾರಕಕ್ಕಿಂತ ಮೊದಲು ಬರಬೇಕಾಗಿತ್ತು.

ಹಳ್ಳಿಯ ಸಾವಿಗೆ ಇನ್ನೊಂದು ದಾಖಲೆ ಇತ್ತು: ಜನನ ಮರಣದ ಪುಸ್ತಕ. 1961ರ ಕಾನೂನು ಪಟೇಲ ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಮಾಡುವ ಮೊದಲು ಅದು ಅವರ ಕೈಯಲ್ಲಿತ್ತು. ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಕಾರಣ. ಕಾರಣದ ಕಲಮಿನಲ್ಲಿ ಬೇರೇನೂ ತೋಚದಾಗ ‘ಜ್ವರ’ ಎಂದು ಬರೆದರೆ ಮುಗಿಯಿತು. ಜಂಗಮಕೋಟೆಯ ಸುತ್ತಮುತ್ತ ಈ ಪದಕ್ಕೆ ಇನ್ನೊಂದು ಅರ್ಥವಿದೆ. ರೇಷ್ಮೆ ಹುಳು ಎಲೆ ತಿನ್ನುವುದನ್ನು ಬಿಟ್ಟು ತಲೆಯೆತ್ತಿ ನಿಂತು ಪೊರೆ ಕಳಚುವುದಕ್ಕೂ ಅಲ್ಲಿ ಜ್ವರವೆಂದೇ ಹೆಸರು. ನಾಲ್ಕು ಜ್ವರ ಕಳೆದ ಹುಳು ಹಣ್ಣಾಗಿ ಚಂದ್ರಿಕೆಗೆ ಏರುತ್ತದೆ.

ವಿಜಯಪುರದಿಂದ ಶಿಡ್ಲಘಟ್ಟದ ಕಡೆಗೆ ಹೋದವರು ದಾರಿಯುದ್ದಕ್ಕೂ ಹಿಪ್ಪುನೇರಳೆಯನ್ನು ನೋಡಿರುತ್ತಾರೆ. ನಡೆಯುವ ಜಂಗಮನನ್ನೂ ನಿಲ್ಲುವ ಕೋಟೆಯನ್ನೂ ಒಂದೇ ಹೆಸರಿನಲ್ಲಿ ಕಟ್ಟಿಕೊಂಡ ಊರು ಆ ದಾರಿಯಲ್ಲಿದೆ. ಅಲ್ಲಿಯ ಹಳ್ಳಿಗಳ ವಿದ್ಯಾರ್ಥಿಗಳಿಗೆ ನಾನು ಕೊಟ್ಟ ಕೆಲಸ ಇಷ್ಟು: ನಿಮ್ಮ ಊರಿನಲ್ಲಿ ತೀರಿಕೊಂಡ, ನಿಮ್ಮ ನೆಂಟರಲ್ಲದ ಒಬ್ಬರನ್ನು ಕುರಿತು ಎರಡು ಪುಟ ಬರೆಯಿರಿ, ‘ಒಳ್ಳೆಯವರು’ ಎಂಬ ಪದ ಬರಕೂಡದು. ಮೊದಲ ಸಲ ಬಂದ ಬರಹಗಳಲ್ಲಿ ಆ ಪದವೊಂದನ್ನು ಬಿಟ್ಟು ಅದರ ನೆಂಟರೆಲ್ಲ ಬಂದಿದ್ದರು. ಎರಡನೆಯ ಸಲ ಬರೆಸಿದೆ. ಆಗ ಒಬ್ಬ ಹುಡುಗಿ ತಂದದ್ದನ್ನು ಇಲ್ಲಿ ಹೇಳಬೇಕು.

ಅವಳು ಬರೆದದ್ದು ಹುಳುಮನೆಗಳಿಗೆ ಕೂಲಿಗೆ ಹೋಗುತ್ತಿದ್ದ ಒಬ್ಬ ಮುದುಕಿಯನ್ನು ಕುರಿತು. ಮುದುಕಿಗೆ ಕೊನೆಗಾಲದಲ್ಲಿ ಕಣ್ಣು ಮಂಜಾಗಿತ್ತು. ಹುಳು ಎಲೆ ತಿನ್ನುವಾಗ ಮಳೆ ಬಿದ್ದ ಹಾಗೆ ಸದ್ದಾಗುತ್ತದೆಯಷ್ಟೆ. ಆ ಸದ್ದು ಕೇಳಿಯೇ ಹುಳು ಜ್ವರಕ್ಕೆ ಕೂರುವ ಹೊತ್ತನ್ನು ಹೇಳುತ್ತಿದ್ದಳಂತೆ. ಅವಳು ಸತ್ತ ದಿನ ಮೂರು ಮನೆಯಲ್ಲಿ ಹುಳು ದೊಡ್ಡದಾಗಿತ್ತು. ಹುಳು ಸೂತಕಕ್ಕೆ ಕಾಯುವುದಿಲ್ಲ. ಹೆಣ ಹೊತ್ತವರೇ ಮಣ್ಣು ಮಾಡಿ ಬಂದು, ಸ್ನಾನ ಮಾಡಿ, ಎಲೆ ಕೊಯ್ಯಲು ಇಳಿದರು. ಮುದುಕಿಯ ಸೊಸೆಗೂ ಒಂದು ತಟ್ಟೆ ಹುಳುವಿತ್ತು; ಅದಕ್ಕೆ ಹನ್ನೊಂದು ದಿನವೂ ಅಕ್ಕಪಕ್ಕದವರೇ ಸರದಿಯ ಮೇಲೆ ಎಲೆ ಹಾಕಿದರು. ಗೂಡು ಮಾರಿದ ಹಣ ಸೊಸೆಯ ಕೈಗೇ ಬಂತು. ಬರಹ ಇಲ್ಲಿಗೆ ನಿಂತಿದೆ. ನೆತ್ತರುಗೊಡಗೆ ಎಂಬ ಪದವನ್ನು ಆ ಹುಡುಗಿ ಕೇಳಿದ್ದಳೋ ಇಲ್ಲವೋ, ಅದು ಏನೆಂದು ಅವಳ ಊರಿಗೆ ಗೊತ್ತಿತ್ತು.

ಇದರಲ್ಲಿ ಕುಂದಿಲ್ಲವೆಂದಲ್ಲ. ಮುದುಕಿಯನ್ನು ಎಲ್ಲಿ ಹೂತರೆಂಬುದನ್ನು ಬರೆದಿಲ್ಲವಲ್ಲ ಎಂದು ಕೇಳಿದೆ. ಹೊಲವಿದ್ದವರು ಹಿರಿಯರನ್ನು ತಮ್ಮ ಹೊಲದ ಅಂಚಿನಲ್ಲಿ ಹೂತು ಸಮಾಧಿ ಕಟ್ಟಿಕೊಳ್ಳುತ್ತಾರೆ, ಅವಳಿಗೆ ಹೊಲವಿರಲಿಲ್ಲ, ಅದಕ್ಕೇ ಬರೆಯಲಿಲ್ಲ ಎಂದಳು. ಬರೆಯಬೇಕಾದದ್ದು ಅದನ್ನೇ. ಈಚಿನ ವರ್ಷಗಳಲ್ಲಿ ಜಂಗಮಕೋಟೆ ಹೋಬಳಿಯ ಜಮೀನುಗಳನ್ನು ಕೈಗಾರಿಕೆಗೆ ತೆಗೆದುಕೊಳ್ಳುವ ಪ್ರಸ್ತಾಪ ಬಂದು, ರೈತರು ಬೀದಿಗಿಳಿದು ಎದುರಿಸಿದ್ದನ್ನು ಪತ್ರಿಕೆಗಳಲ್ಲಿ ವಾಚಕರು ಓದಿದ್ದಾರೆ. ಎಕರೆಗೆ ಪರಿಹಾರವೆಷ್ಟೆಂಬ ಚರ್ಚೆಯಲ್ಲಿ ಸರ್ವೆ ನಂಬರು ಬರುತ್ತದೆ, ಕೊಳವೆಬಾವಿ ಬರುತ್ತದೆ, ಮರದ ಲೆಕ್ಕವೂ ಬರುತ್ತದೆ. ಹೊಲದ ಅಂಚಿನಲ್ಲಿ ಮಲಗಿರುವವರ ಹೆಸರು ಯಾವ ಕಲಮಿಗೂ ಸೇರುವುದಿಲ್ಲ. ಹೊಲವೇ ಇಲ್ಲದವಳ ಮಾತಂತೂ ಎರಡು ಪುಟದ ಆ ಬರಹದಲ್ಲೇ ಉಳಿಯಬೇಕು.

ಇನ್ನೊಂದು ತಿದ್ದುಪಡಿ ಭಾಷೆಯದು. ಮುದುಕಿ ಆಡುತ್ತಿದ್ದದ್ದು ತೆಲುಗು. ಕನ್ನಡದ ಮೇಷ್ಟರಿಗೆ ಒಪ್ಪಿಸುವ ಬರಹವೆಂದು ಹುಡುಗಿ ಅವಳ ಮಾತನ್ನೆಲ್ಲ ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿಬಿಟ್ಟಿದ್ದಳು. ಹುಳುಮನೆಯ ಕೂಲಿಯವಳು ಆಕಾಶವಾಣಿಯ ವಾರ್ತೆಯಂತೆ ಮಾತಾಡುತ್ತಿದ್ದಳು. ರೈಸರ ಕೋಲಾರ ಸಂಪುಟದಲ್ಲಿ ಕನ್ನಡದ ಕಲ್ಲುಗಳ ಪಕ್ಕದಲ್ಲೇ ತೆಲುಗಿನವೂ ತಮಿಳಿನವೂ ಇವೆಯೆಂದು ಪುಸ್ತಕ ತೆರೆದು ತೋರಿಸಿದೆ. ಮೂರನೆಯ ಸಲ ಬರೆದು ತಂದಾಗ ಮುದುಕಿಯ ನಾಲ್ಕು ಮಾತು ತೆಲುಗಿನಲ್ಲೇ, ಕನ್ನಡ ಅಕ್ಷರದಲ್ಲಿ, ಇದ್ದವು. ಅದರಲ್ಲಿ ಒಂದು ಬೈಗುಳ.